ಮಕ್ಕಳಿಗೆ ರಾಜಾಸಾರಸ್ ಪರಿಚಯ: ಶಾಲೆ ಅಂಗಳದಲ್ಲಿ ಏಳು ಮೀಟರಿನ ಬೇಟೆ ಪ್ರಾಣಿ

ಮಕ್ಕಳಿಗೆ ದೊಡ್ಡ ಡೈನೋಸಾರ್ ತೋರಿಸಬೇಕೆಂದರೆ ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ಮೊಬೈಲಿನ ವಿಡಿಯೊ, ಜೋರಾದ ಗರ್ಜನೆ, ಇಲ್ಲವೇ ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಹಸಿರು ರಬ್ಬರಿನ ಆಟಿಕೆ. ಮಗುವಿಗೆ ಹೆಸರು ಬಾಯಿಪಾಠವಾಗುತ್ತದೆ, ರಾತ್ರಿ ಒಂದಿಷ್ಟು ಅಂಜಿಕೆಯೂ ಆಗುತ್ತದೆ. ಆ ಪ್ರಾಣಿ ಎಷ್ಟು ಉದ್ದವಿತ್ತು, ಎಲ್ಲಿತ್ತು, ಅದು ಇತ್ತೆಂದು ನಮಗೆ ಹೇಗೆ ಗೊತ್ತು ಎಂದು ಕೇಳಿದರೆ ಉತ್ತರವಿಲ್ಲ. ಈ ಮೂರು ಪ್ರಶ್ನೆಗಳನ್ನು ಹಗ್ಗ, ರಂಗೋಲಿ ಪುಡಿ ಮತ್ತು ನಮ್ಮ ನೆಲದ ಕಲ್ಲು ಹಿಡಿದು ಬಿಡಿಸುವ ಕ್ರಮ ಇಲ್ಲಿದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಶಾಲೆಗಳಿಗೆ, ಓಣಿಯ ಹತ್ತಾರು ಮಕ್ಕಳನ್ನು ಕೂಡಿಸಿಕೊಳ್ಳುವ ತಂದೆ ತಾಯಿಗಳಿಗೆ ಇದು ಹೊಂದುತ್ತದೆ.

ಟಿ. ರೆಕ್ಸ್ ಬಿಟ್ಟು ರಾಜಾಸಾರಸ್ ಏಕೆ

ಟಿ. ರೆಕ್ಸ್ ಹೆಸರು ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಅದು, ಅಂದರೆ ಟಿರಾನೊಸಾರಸ್ ರೆಕ್ಸ್ ಎಂಬ ಬೇಟೆ ಡೈನೋಸಾರ್, ಉತ್ತರ ಅಮೆರಿಕದ ಪಶ್ಚಿಮ ಭಾಗದ ಪ್ರಾಣಿ. ಅದೇ ಕಾಲದಲ್ಲಿ ಭಾರತದಲ್ಲಿ ಬೇರೆ ವಂಶದ ಬೇಟೆ ಡೈನೋಸಾರ್‌ಗಳಿದ್ದವು. ಅವುಗಳಲ್ಲಿ ಚೆನ್ನಾಗಿ ತಿಳಿದಿರುವುದು ರಾಜಾಸಾರಸ್ ನರ್ಮದೆನ್ಸಿಸ್. ಗುಜರಾತಿನ ಬಾಲಾಸಿನೋರ್ ಹತ್ತಿರದ ರಹಿಯೋಲಿಯಲ್ಲಿ 1980ರ ದಶಕದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸುರೇಶ್ ಶ್ರೀವಾಸ್ತವ ಮತ್ತು ಜೊತೆಯವರು ಎಲುಬುಗಳನ್ನು ಸಂಗ್ರಹಿಸಿದರು. ಭಾರತ ಮತ್ತು ಅಮೆರಿಕದ ವಿಜ್ಞಾನಿಗಳು ಕೂಡಿ ಅವನ್ನು ಅಧ್ಯಯನ ಮಾಡಿ ಹೆಸರಿಟ್ಟದ್ದು 2003ರಲ್ಲಿ. ಹಣೆಯ ಮೇಲೆ ಗಿಡ್ಡನೆಯ, ದುಂಡಾದ ಒಂದೇ ಕೋಡು. ಎರಡು ಕಾಲಿನ ನಡಿಗೆ. ಉದ್ದದ ಅಂದಾಜು ಆರೂವರೆಯಿಂದ ಏಳೂವರೆ ಮೀಟರ್.

ಇದನ್ನೇ ಆರಿಸಲು ಇನ್ನೂ ಎರಡು ಕಾರಣಗಳಿವೆ. ಒಂದು, ಏಳು ಮೀಟರಿನ ಚಿತ್ರ ಯಾವ ಸರಕಾರಿ ಶಾಲೆಯ ಅಂಗಳದಲ್ಲಾದರೂ ಹಿಡಿಯುತ್ತದೆ. ಇನ್ನೊಂದು, ಈ ಪ್ರಾಣಿಯ ಕಾಲದ ಕೊನೆಗೆ ಹರಿದ ಲಾವಾ ನಮ್ಮ ಹೊಲಗಳ ಅಡಿಯಲ್ಲೇ ಕರಿಕಲ್ಲಾಗಿ ಬಿದ್ದಿದೆ. ಟಿ. ರೆಕ್ಸನ್ನು ಬಿಡಬೇಕಾಗಿಲ್ಲ. ಅಳತೆ ಹೋಲಿಸಲು ಹಗ್ಗದ ರೂಪದಲ್ಲಿ ಆಮೇಲೆ ಬರಲಿ.

ವಯಸ್ಸು, ಹೊತ್ತು, ಜಾಗ

7ರಿಂದ 12 ವರ್ಷದ ಮಕ್ಕಳಿಗೆ ಪೂರ್ತಿ ಕ್ರಮ ಹೊಂದುತ್ತದೆ. ನಲಿ-ಕಲಿ ತರಗತಿಯ ಸಣ್ಣವರಿಗೆ ಕೋಳಿ ಹೆಜ್ಜೆ ಮತ್ತು ಅಂಗಳದ ಚಿತ್ರ ಸಾಕು; ಕೋಟಿ ವರ್ಷಗಳನ್ನು ಮೀಟರಿನಲ್ಲಿ ತೋರಿಸುವ ಕಾಲದ ಹಗ್ಗ ಅವರ ತಲೆಗೆ ಹತ್ತುವುದಿಲ್ಲ, ಒತ್ತಾಯ ಬೇಡ. ಒಂದೇ ದಿನ ಎಲ್ಲ ಮುಗಿಸಲು ಹೋಗಬೇಡಿ. ದಿನಕ್ಕೆ ಒಂದೂವರೆ ತಾಸಿನಂತೆ ನಾಲ್ಕು ದಿನ ಇಟ್ಟುಕೊಳ್ಳಿ.

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಮಾಡುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಮಕ್ಕಳನ್ನು ನೆರಳಿಗೆ ಕಳಿಸಿಬಿಡಬೇಕು. ನಮ್ಮ ಬಿಸಿಲಲ್ಲಿ ಬರಿಗಾಲ ಮಕ್ಕಳು ಫರ್ಸಿ ಮೇಲೆ ನಿಲ್ಲಲಾರರು. ಬೆಳಗಿನ ಹೊತ್ತಿಗೆ ಇನ್ನೊಂದು ಲಾಭ: ಗಾಳಿ ಕಡಿಮೆ. ಹನ್ನೊಂದರ ಮೇಲೆ ಗಾಳಿ ಎದ್ದರೆ ರಂಗೋಲಿ ಪುಡಿ ಮಕ್ಕಳ ಕಣ್ಣಿಗೆ ಹೋಗುತ್ತದೆ, ಗೆರೆ ಉಳಿಯುವುದಿಲ್ಲ.

8 ಮೀಟರ್ ಉದ್ದ, 3 ಮೀಟರ್ ಅಗಲದ ಸಮತಟ್ಟು ಜಾಗ ಬೇಕು. ಟಿ. ರೆಕ್ಸ್ ಹಗ್ಗಕ್ಕೆ ಪಕ್ಕದಲ್ಲಿ 13 ಮೀಟರ್ ಉದ್ದದ ಇಕ್ಕಟ್ಟು ಪಟ್ಟಿ ಇದ್ದರೂ ನಡೆಯುತ್ತದೆ.

ಬೇಕಾಗುವ ಸಾಮಾನು

ಸುತಳಿ 40 ಮೀಟರ್, ಅಳತೆ ಟೇಪು (5 ಮೀಟರಿನದಾದರೂ ಸಾಕು), 30 ಸೆಂ.ಮೀ. ಉದ್ದದ ಕಟ್ಟಿಗೆ ಗೂಟ ಎಂಟು, ಬಿಳಿ ರಂಗೋಲಿ ಪುಡಿ 3 ಕಿಲೊ, ಇಟ್ಟಂಗಿ ಪುಡಿ 2 ಕಿಲೊ, ಮುಚ್ಚಳಕ್ಕೆ ಒಂದು ಸೆಂ.ಮೀ. ತೂತು ಕೊರೆದ ಖಾಲಿ ನೀರಿನ ಬಾಟಲಿ ಎರಡು, ಗೆರೆ ಸಹಿತ ನೋಟ್‌ಬುಕ್. ನೆಲ ಕಾಂಕ್ರೀಟ್ ಅಥವಾ ಫರ್ಸಿಯಾಗಿದ್ದರೆ ಗೂಟ ಇಳಿಯುವುದಿಲ್ಲ. ಸುತಳಿಯನ್ನು ಇಟ್ಟಂಗಿಗೆ ಸುತ್ತಿ ಇಡಿ, ರಂಗೋಲಿ ಬದಲು ಚಾಕ್ ಬಳಸಿ.

ಒಂದು ಎಚ್ಚರಿಕೆ. ಆಟದ ಮೈದಾನಕ್ಕೆ ಗೆರೆ ಹಾಕಲು ಕೆಲವೆಡೆ ಸುಣ್ಣದ ಪುಡಿ ತರುತ್ತಾರೆ. ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಸುಡುತ್ತದೆ, ಬೆವರಿದ ಕೈಗೂ ಉರಿ. ಮಕ್ಕಳ ಕೈಗೆ ಅದನ್ನು ಕೊಡಲೇಬಾರದು. ಬೂದಿ ಬಳಸಬಹುದು, ಆದರೆ ಮುರುಮಿನ ನೆಲದ ಮೇಲೆ ಕಾಣುವುದಿಲ್ಲ.

ಮೊದಲ ದಿನ: ಕೋಳಿ ಹೆಜ್ಜೆ

ದೊಡ್ಡ ಪ್ರಾಣಿಯಿಂದ ಶುರು ಮಾಡಬೇಡಿ. ಮಗು ದಿನಾ ನೋಡುವ ಜವಾರಿ ಕೋಳಿಯಿಂದ ಶುರು ಮಾಡಿ. ಹಕ್ಕಿಗಳು ಡೈನೋಸಾರ್ ವಂಶದಲ್ಲೇ ಹುಟ್ಟಿದವು, ರಾಜಾಸಾರಸ್, ಟಿ. ರೆಕ್ಸ್ ಎರಡೂ ಕೋಳಿಯ ಹಾಗೆ ಹಿಂಗಾಲಿನ ಬೆರಳುಗಳ ಮೇಲೆ ಭಾರ ಹಾಕಿ ನಡೆಯುತ್ತಿದ್ದವು. ಕೋಳಿ ನಡೆಯುವುದನ್ನು ಹತ್ತು ನಿಮಿಷ ಸುಮ್ಮನೆ ನೋಡಿಸಿದರೆ, ಮರುದಿನ ಚಿತ್ರ ಬಿಡಿಸುವಾಗ ಅರ್ಧ ತಪ್ಪು ತಾನಾಗಿ ಕಡಿಮೆಯಾಗುತ್ತದೆ.

ಎರೆ ಮಣ್ಣನ್ನು ಜರಡಿ ಹಿಡಿದು, ಎರಡು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು ಬೆರೆಸಿ, ರೊಟ್ಟಿ ಹಿಟ್ಟಿಗಿಂತ ತುಸು ಮೆತ್ತಗೆ ಕಲಸಿ. 3 ಸೆಂ.ಮೀ. ದಪ್ಪಕ್ಕೆ ಒಂದು ಬುಟ್ಟಿಯಗಲ ಹಾಸಿ. ಮೇಲೆ ನಾಲ್ಕು ಜೋಳದ ಕಾಳು ಚೆಲ್ಲಿ, ಕೋಳಿಯನ್ನು ಅದರಷ್ಟಕ್ಕೆ ಬಿಡಿ. ಬರೀ ಎರೆ ಮಣ್ಣು ಬೇಡ: ಹಸಿಯಿದ್ದಾಗ ಕೋಳಿಯ ಕಾಲಿಗೆ ಮೆತ್ತಿ ಹೆಜ್ಜೆಯನ್ನೇ ಕಿತ್ತುಕೊಂಡು ಬರುತ್ತದೆ, ಒಣಗಿದಾಗ ಕುಗ್ಗಿ ನೂರು ಕಡೆ ಬಿರಿಯುತ್ತದೆ. ಮರಳು ಎರಡನ್ನೂ ತಡೆಯುತ್ತದೆ.

ಹೆಜ್ಜೆ ಮೂಡಿದ ಮೇಲೆ ಮಕ್ಕಳು ಅದರ ಉದ್ದ, ಅಗಲ ಅಳೆದು ಬರೆದುಕೊಳ್ಳಲಿ. ಮುಂದಕ್ಕೆ ಚಾಚಿದ ಮೂರು ಬೆರಳು ಸ್ಪಷ್ಟವಾಗಿ ಕಾಣಬೇಕು. ಈಗ ಪಕ್ಕದಲ್ಲಿ ಚಾಕಿನಿಂದ 83 ಸೆಂ.ಮೀ. ಉದ್ದ, 71 ಸೆಂ.ಮೀ. ಅಗಲದ ಮೂರು ಬೆರಳಿನ ಹೆಜ್ಜೆ ಬರೆಯಿರಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಿಕ್ಕ, ಟಿ. ರೆಕ್ಸ್‌ನದೆಂದು ಬಲವಾಗಿ ನಂಬಲಾದ ಹೆಜ್ಜೆಯ ಅಳತೆ ಇದು. ಇದರೊಳಗೆ ಎಷ್ಟು ಮಕ್ಕಳು ನಿಲ್ಲಬಹುದೆಂದು ಅವರೇ ನಿಂತು ಎಣಿಸಲಿ. ದೊಡ್ಡವರು ಮೊದಲೇ ಸಂಖ್ಯೆ ಹೇಳಿಬಿಟ್ಟರೆ ಆಟ ಕೆಟ್ಟಂತೆ.

ಹೆಜ್ಜೆಯ ಅಚ್ಚು ತೆಗೆಯುವ ಆಸೆಯಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತನ್ನಿ. ಎರಡು ಲೋಟ ಪುಡಿಗೆ ಒಂದು ಲೋಟ ನೀರು. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಹಾಕಿದರೆ ಗಂಟು ಕಟ್ಟುತ್ತದೆ. ಕಲಸಿದ ಕೂಡಲೇ ಹೊಯ್ಯಿರಿ, ಅರ್ಧ ತಾಸು ಮುಟ್ಟದೆ ಬಿಡಿ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. "ನನ್ನ ಕೈ ಅಚ್ಚು ತೆಗೀರಿ" ಎಂದು ಮಗು ಹಟ ಮಾಡಿದರೂ ಪ್ಲಾಸ್ಟರಿನಲ್ಲಿ ಕೈ ಇಡಿಸಬೇಡಿ, ಚರ್ಮ ಸುಟ್ಟೀತು. ಉಳಿದದ್ದನ್ನು ಮೋರಿಗೆ ಸುರಿದರೆ ಅಲ್ಲೇ ಕಲ್ಲಾಗಿ ಕೂರುತ್ತದೆ.

ಎರಡನೆಯ ದಿನ: ಅಂಗಳದ ಚಿತ್ರ

ಚುಕ್ಕಿ ಇಟ್ಟು ರಂಗೋಲಿ ಹಾಕಲು ಬರುವ ಮಕ್ಕಳು ಇಲ್ಲಿ ಮುಂದಾಳುಗಳು. ಕೆಲಸವೂ ಅದೇ: ಮೊದಲು ಚುಕ್ಕಿ, ಆಮೇಲೆ ಗೆರೆ.

1. ಹಿಂದಿನ ಸಂಜೆ ನೆಲ ಗುಡಿಸಿ ನೀರು ಚಿಮುಕಿಸಿ. ಒದ್ದೆಯಾಗಿ ಆರಿದ ನೆಲ ಪುಡಿಯನ್ನು ಹಿಡಿಯುತ್ತದೆ.

2. ಸುತಳಿಯನ್ನು ಬಿಗಿಯಾಗಿ ಎಳೆದು ಹಿಡಿದೇ 7 ಮೀಟರ್ ಅಳೆದು ಎರಡು ಗೂಟದ ನಡುವೆ ಕಟ್ಟಿ. ಸಡಿಲ ಬಿಟ್ಟು ಅಳೆದು ಆಮೇಲೆ ಎಳೆದರೆ ಉದ್ದ ಹಿಗ್ಗಿ ಲೆಕ್ಕ ತಪ್ಪುತ್ತದೆ. ಇದು ಪ್ರಾಣಿ ನಿಂತ ನೆಲದ ಗೆರೆ. ಎಡ ತುದಿ ಸೊನ್ನೆ, ಅಲ್ಲಿ ಮೂತಿ. ಬಲ ತುದಿ 7, ಅಲ್ಲಿ ಬಾಲದ ಕೊನೆ. ಪ್ರತಿ ಮೀಟರಿಗೆ ಒಂದು ಗಂಟು ಅಥವಾ ಬಣ್ಣದ ದಾರ.

3. ಪ್ರತಿ ಗುರುತಿನಿಂದ ನೆಟ್ಟಗೆ ಮೇಲಕ್ಕೆ ಟೇಪು ಹಿಡಿದು ಚುಕ್ಕಿ ಇಡಿ. ನೆಲದ ಗೆರೆಯಿಂದ ಎತ್ತರ ಮೀಟರಿನಲ್ಲಿ ಹೀಗಿದೆ:

ಸೊನ್ನೆಯಲ್ಲಿ ಮೂತಿಯ ತುದಿ, 2.0.
0.5ರಲ್ಲಿ ತಲೆ: ಮೇಲೆ 2.3, ಕೆಳಗೆ 1.8.
1ರಲ್ಲಿ ಕುತ್ತಿಗೆ: ಮೇಲೆ 2.25, ಕೆಳಗೆ 1.75.
2ರಲ್ಲಿ ಎದೆ: ಮೇಲೆ 2.3, ಕೆಳಗೆ 1.25.
3ರಲ್ಲಿ ಸೊಂಟ: ಮೇಲೆ 2.3, ಕೆಳಗೆ 1.35.
4ರಲ್ಲಿ ಬಾಲದ ಬುಡ: ಮೇಲೆ 2.2, ಕೆಳಗೆ 1.65.
5ರಲ್ಲಿ: ಮೇಲೆ 2.1, ಕೆಳಗೆ 1.75.
6ರಲ್ಲಿ: ಮೇಲೆ 2.0, ಕೆಳಗೆ 1.85.
7ರಲ್ಲಿ ಬಾಲದ ತುದಿ, 1.95.

ಇವು ಚಿತ್ರ ಸರಿಯಾಗಿ ಕೂರಲು ಇಟ್ಟ ಅಂದಾಜು ಅಳತೆಗಳು, ಎಲುಬನ್ನೇ ಅಳೆದು ಬರೆದ ಲೆಕ್ಕವಲ್ಲ. ಇದನ್ನು ಮಕ್ಕಳಿಗೂ ಹೇಳಿ.

4. ಕಾಲು. ಸೊಂಟದ ಕೀಲು 3ನೇ ಗುರುತಿನ ಮೇಲೆ, 1.9 ಎತ್ತರದಲ್ಲಿ. ಮೊಣಕಾಲು ಮುಂದಕ್ಕೆ: 2.6ರ ಮೇಲೆ, ಎತ್ತರ 1.2. ಹಿಮ್ಮಡಿಯ ಕೀಲು ಹಿಂದಕ್ಕೆ: 3.1ರ ಮೇಲೆ, ಎತ್ತರ 0.5. ಅಲ್ಲಿಂದ ಮತ್ತೆ ಮುಂದಕ್ಕೆ ಇಳಿದು 2.8ರಲ್ಲಿ ಪಾದ ನೆಲ ಮುಟ್ಟುತ್ತದೆ. ಬೆರಳುಗಳು ಮುಂದಕ್ಕೆ 40 ಸೆಂ.ಮೀ. ಚಾಚಿರಲಿ. ನಿನ್ನೆ ನೋಡಿದ ಕೋಳಿ ಕಾಲನ್ನು ನೆನಪಿಸಿ. "ಇದರ ಮೊಣಕಾಲು ಉಲ್ಟಾ ಅದ" ಎಂದು ಒಬ್ಬರಾದರೂ ಅನ್ನುತ್ತಾರೆ. ಅವರು ತೋರಿಸುವುದು ಹಿಮ್ಮಡಿಯನ್ನು. ಮೊಣಕಾಲು ಮೇಲೆ, ತೊಡೆಯ ಕೆಳತುದಿಯಲ್ಲಿದೆ, ನಮ್ಮದರಂತೆಯೇ ಮುಂದಕ್ಕೆ ಮಡಚುತ್ತದೆ.

5. ಮುಂಗೈ 1.8ರ ಹತ್ತಿರ, ಗೇಣುದ್ದ ಸಾಕು. ಕಣ್ಣಿನ ಮೇಲೆ, 0.4ರಲ್ಲಿ, ಕೋಡಿನ ಸಣ್ಣ ಉಬ್ಬು. ಘೇಂಡಾಮೃಗದ ಕೋಡಿನಂತೆ ಚೂಪಾಗಿ ಎತ್ತಿ ಬರೆಯುವ ಆಸೆ ಎಲ್ಲ ಮಕ್ಕಳಿಗೂ ಬರುತ್ತದೆ, ತಡೆಯಿರಿ.

6. ಬಾಟಲಿಯಿಂದ ರಂಗೋಲಿ ಸುರಿಯುತ್ತ ಮೇಲಿನ ಚುಕ್ಕಿಗಳನ್ನು ಒಂದೇ ಗೆರೆಯಲ್ಲಿ, ಕೆಳಗಿನವನ್ನು ಇನ್ನೊಂದರಲ್ಲಿ ಕೂಡಿಸಿ. ಗೆರೆ ನಾಲ್ಕು ಬೆರಳಗಲ ಇರಲಿ. ತೆಳ್ಳಗಾದರೆ ದೂರದಿಂದ ಕಾಣದು. ಮುಗಿದ ಮೇಲೆ ಮಕ್ಕಳನ್ನು ಮಾಳಿಗೆ ಮೇಲೆ ಅಥವಾ ಕಟ್ಟೆಯ ಮೇಲೆ ನಿಲ್ಲಿಸಿ ನೋಡಿಸಿ. ಮಾಳಿಗೆಗೆ ಕಟಾಂಜನ ಇಲ್ಲದಿದ್ದರೆ ಬೇಡ.

ಹೆಚ್ಚಾಗಿ ಕೆಡುವುದು ಬಾಲ. ಹಳೆಯ ಚಿತ್ರಗಳು, ಅಗ್ಗದ ಆಟಿಕೆಗಳು ಪ್ರಾಣಿಯನ್ನು ನೆಟ್ಟಗೆ ನಿಲ್ಲಿಸಿ ಬಾಲವನ್ನು ನೆಲಕ್ಕೆ ಎಳೆದಿರುತ್ತವೆ. ಆಟಿಕೆ ಎರಡು ಕಾಲ ಮೇಲೆ ನಿಲ್ಲದ್ದರಿಂದ ಬಾಲವನ್ನೇ ಮೂರನೆಯ ಕಾಲು ಮಾಡಿರುತ್ತಾರೆ. ನಿಜವಾದ ಪ್ರಾಣಿಯ ಬೆನ್ನು ನೆಲಕ್ಕೆ ಸಮಾಂತರ. ಮುಂದಿನ ತಲೆ, ಎದೆಯ ಭಾರಕ್ಕೆ ಹಿಂದಿನ ಬಾಲ ಸರಿತೂಕ. ಒಂದು ಮಗುವಿನ ಸೊಂಟಕ್ಕೆ ಕೋಲು ಅಡ್ಡಲಾಗಿ ಹಿಡಿಸಿ, ಮುಂದಿನ ತುದಿಗೆ ಚೀಲ ತೂಗುಹಾಕಿ, ಹಿಂದಿನ ತುದಿಯನ್ನು ಇನ್ನೊಂದು ಮಗು ಒತ್ತಲಿ. ಒತ್ತುವುದು ಬಿಟ್ಟಾಗ ಏನಾಗುತ್ತದೆಂದು ಎಲ್ಲರಿಗೂ ಕಾಣುತ್ತದೆ, ವಿವರಣೆ ಬೇಕಾಗುವುದಿಲ್ಲ.

ಸಿಕ್ಕಿದ್ದು ಎಷ್ಟು, ಊಹಿಸಿದ್ದು ಎಷ್ಟು

ಇಡೀ ಕ್ರಮದಲ್ಲಿ ನಾವು ಅತಿ ಮುಖ್ಯವೆಂದು ಎಣಿಸುವ ಭಾಗ ಇದು. ಚಿತ್ರ ಚಂದ ಬಂದಷ್ಟೂ ಮಕ್ಕಳು ಅದನ್ನು ಫೋಟೊ ಎಂದೇ ನಂಬುತ್ತಾರೆ. ರಾಜಾಸಾರಸ್‌ನ ಪೂರ್ತಿ ಅಸ್ಥಿಪಂಜರ ಸಿಕ್ಕಿಲ್ಲ. ಸಿಕ್ಕಿದ್ದು ಮೆದುಳಿನ ಸುತ್ತಲಿನ ತಲೆಬುರುಡೆಯ ಭಾಗ, ಬೆನ್ನೆಲುಬಿನ ಮಣಿಗಳು, ಸೊಂಟದ ಎಲುಬು, ಹಿಂಗಾಲಿನ ಎಲುಬುಗಳು, ಬಾಲದ ಕೆಲವು ಮಣಿ.

ಇಟ್ಟಂಗಿ ಪುಡಿಯನ್ನು ತೆಗೆದುಕೊಂಡು ಆ ಭಾಗಗಳನ್ನಷ್ಟೇ ಕೆಂಪಾಗಿ ತುಂಬಿಸಿ: ತಲೆಯ ಹಿಂಭಾಗ, ಬೆನ್ನಿನ ಉದ್ದಕ್ಕೆ ಅಲ್ಲಲ್ಲಿ, ಸೊಂಟ, ಕಾಲು, ಬಾಲದ ಬುಡ. ಮುಂಗೈ, ದವಡೆ, ಹೊಟ್ಟೆ, ಚರ್ಮ ಖಾಲಿ ಉಳಿಯಲಿ. ಈಗ ಕೇಳಿ: ಖಾಲಿ ಇರುವ ಮುಂಗೈ ಇಷ್ಟು ಗಿಡ್ಡ ಎಂದು ಬರೆದದ್ದು ಯಾವ ಧೈರ್ಯದಿಂದ? ಉತ್ತರ ಬಂಧುಗಳಲ್ಲಿದೆ. ಇದೇ ಕುಲದ, ದಕ್ಷಿಣ ಅಮೆರಿಕದ ಕಾರ್ನೋಟಾರಸ್ ಮತ್ತು ಮಡಗಾಸ್ಕರಿನ ಮಜುಂಗಾಸಾರಸ್‌ಗಳ ಮುಂಗೈ ಸಿಕ್ಕಿವೆ, ಅವು ತೀರ ಮೋಟು. ತಲೆಬುರುಡೆಯಲ್ಲಿ ಹೋಲಿಕೆ ಇದ್ದದ್ದರಿಂದ ಕೈಯೂ ಹಾಗೇ ಇತ್ತೆಂದು ಎಣಿಸಲಾಗಿದೆ. ಮೈಬಣ್ಣಕ್ಕೆ ಇಂಥ ಆಧಾರವೇ ಇಲ್ಲ. ಹಾಗಾಗಿ ಬಣ್ಣ ಹಚ್ಚುವಾಗ ಮಕ್ಕಳಿಗೆ ಪೂರಾ ಸ್ವಾತಂತ್ರ್ಯ.

ದೊಡ್ಡ ಮಕ್ಕಳಿಗೆ ಇನ್ನೊಂದು ಹೆಜ್ಜೆ. ರಹಿಯೋಲಿಯಲ್ಲಿ ಹಲವು ಪ್ರಾಣಿಗಳ ಎಲುಬು ಕಲೆತು ಬಿದ್ದಿದ್ದವು. ಯಾವ ಎಲುಬು ಎಲ್ಲಿತ್ತೆಂದು ಅಗೆದವರು ವಿವರವಾದ ನಕಾಶೆ ಬರೆದಿಟ್ಟಿದ್ದರು. ಸುಮಾರು ಇಪ್ಪತ್ತು ವರ್ಷದ ಮೇಲೆ, ಯಾವ ಎಲುಬು ಯಾವುದರ ಜೊತೆಯದು ಎಂದು ಕೂಡಿಸಲು ಆ ನಕಾಶೆ ಬೇಕಾಯಿತು. ಇದನ್ನು ಅಂಗಳದಲ್ಲೇ ಮಾಡಬಹುದು. 3 ಮೀಟರ್ ಚೌಕವನ್ನು ಸುತಳಿಯಿಂದ ಒಂದೊಂದು ಮೀಟರಿನ ಒಂಬತ್ತು ಮನೆ ಮಾಡಿ. ಕಡ್ಡಿ, ಕಲ್ಲು, ತೊಗರಿ ಕಟ್ಟಿಗೆ ತುಂಡು ಸೇರಿ ಮೂವತ್ತು ವಸ್ತು ಚೆದುರಿ. ಅವುಗಳಲ್ಲಿ ಒಂದು "ಪ್ರಾಣಿ"ಯ ಹತ್ತು ತುಂಡುಗಳು ಮಾತ್ರ ಹತ್ತಿರ ಹತ್ತಿರ ಬಿದ್ದಿರಲಿ. ಒಂದು ಗುಂಪು ನೋಟ್‌ಬುಕ್ಕಿನಲ್ಲಿ ಮನೆ ಮನೆಯಾಗಿ ಬರೆದುಕೊಂಡ ಮೇಲೆ ಎಲ್ಲವನ್ನೂ ಎತ್ತಿ ಚೀಲಕ್ಕೆ ತುಂಬಿ. ಅಂಗಳ ನೋಡದ ಇನ್ನೊಂದು ಗುಂಪು ಬರೀ ನಕಾಶೆ ಮತ್ತು ಚೀಲ ಹಿಡಿದು ಆ ಪ್ರಾಣಿಯನ್ನು ಕೂಡಿಸಬೇಕು. ನಕಾಶೆಯಲ್ಲಿ ಉತ್ತರ ದಿಕ್ಕು ಬರೆಯದ ಗುಂಪು, ತುಂಡುಗಳಿಗೆ ನಂಬರ್ ಅಂಟಿಸದ ಗುಂಪು ಸೋಲುತ್ತವೆ. ಏಕೆ ಸೋತೆವೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯ ದಿನ: ಟಿ. ರೆಕ್ಸ್ ಹಗ್ಗ ಮತ್ತು ಹಲ್ಲು

ರಾಜಾಸಾರಸ್ ಚಿತ್ರದ ಪಕ್ಕ 12.3 ಮೀಟರಿನ ಸುತಳಿ ಎಳೆಯಿರಿ. ಷಿಕಾಗೊದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿರುವ, 1990ರಲ್ಲಿ ಸೂ ಹೆಂಡ್ರಿಕ್ಸನ್ ಕಂಡುಹಿಡಿದ "ಸೂ" ಎಂಬ ಟಿ. ರೆಕ್ಸ್‌ನ ಉದ್ದ ಇದು. ಮೊದಲ 1.4 ಮೀಟರಿಗೆ ಗಂಟು: ಅದು ಬರೀ ತಲೆಬುರುಡೆ. ಮುಂಗೈ ಒಂದು ಮೀಟರಿನ ಆಸುಪಾಸು, ಬೆರಳು ಎರಡೇ. ಸೊಂಟದ ಎತ್ತರ ಸುಮಾರು 4 ಮೀಟರ್. ಶಾಲೆಯ ಸ್ಲ್ಯಾಬಿನ ಎತ್ತರವನ್ನು ಮಕ್ಕಳಿಂದಲೇ ಅಳೆಸಿ, ಆಮೇಲೆ ಈ ಅಂಕಿ ಹೇಳಿ. ತೂಕದ ಅಂದಾಜು 8ರಿಂದ 9 ಟನ್. 25 ಕಿಲೊದ ನಲವತ್ತು ಮಕ್ಕಳಿಗೆ ಒಂದು ಟನ್ ಎಂದಿಟ್ಟು ಗುಣಿಸಲು ಬಿಡಿ.

ಹಲ್ಲು ಮಾಡುವುದು ಮಕ್ಕಳಿಗೆ ಅತ್ಯಂತ ಇಷ್ಟದ ಕೆಲಸ. ಟಿ. ರೆಕ್ಸ್‌ನ ದೊಡ್ಡ ಹಲ್ಲು ಬೇರು ಸಮೇತ ಸುಮಾರು 30 ಸೆಂ.ಮೀ.; ಅದರಲ್ಲಿ ಅರ್ಧಕ್ಕೂ ಹೆಚ್ಚು ವಸಡಿನೊಳಗೆ ಹುಗಿದಿರುತ್ತಿತ್ತು. 28 ಸೆಂ.ಮೀ. ಉದ್ದದ ಜೋಳದ ದಂಟಿನ ತುಂಡನ್ನು ಒಳಗಿನ ಆಧಾರಕ್ಕೆ ತೆಗೆದುಕೊಳ್ಳಿ. ನಾಲ್ಕು ಹಾಳೆ ಹಳೆಯ ಪೇಪರನ್ನು ಚೂರು ಮಾಡಿ ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ ಅರೆಯಿರಿ. ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು ಹಾಕಿ ಕಾಯಿಸಿದ ಅಂಟಿನಲ್ಲಿ ಬೇಕಾದಷ್ಟು ತೆಗೆದು ಕಲಸಿ, ಒಂದು ಚಮಚ ಉಪ್ಪು ಹಾಕಿ. ಬೂಷ್ಟು ಬಾರದಿರಲೆಂದು ಮೈಲುತುತ್ತ ಹಾಕುವ ರೂಢಿ ಕೆಲವರಿಗಿದೆ. ಅದು ವಿಷ, ಮಕ್ಕಳ ಕೈಕೆಲಸಕ್ಕೆ ಬೇಡ.

ದಂಟಿನ ಮೇಲೆ ಒಂದು ಸಲಕ್ಕೆ ಒಂದು ಸೆಂ.ಮೀ.ಗಿಂತ ದಪ್ಪ ಮೆತ್ತಬೇಡಿ. ದಪ್ಪ ಮೆತ್ತಿದರೆ ಹೊರಗಡೆ ಬೇಗ ಒಣಗಿ ಒಳಗಡೆ ಹಸಿಯಾಗೇ ಉಳಿದು ಮೂರನೇ ದಿನಕ್ಕೆ ನಾರುತ್ತದೆ. ಒಂದು ಪದರ ನೆರಳಲ್ಲಿ ಒಣಗಿದ ಮೇಲೆ ಇನ್ನೊಂದು. ತುದಿ ಹಿಂದಕ್ಕೆ ತುಸು ಬಾಗಿರಲಿ. ಮುಂದಿನ ಮತ್ತು ಹಿಂದಿನ ಅಂಚಿನಲ್ಲಿ ಹಳೆಯ ಬಾಚಣಿಕೆಯಿಂದ ಕುಡುಗೋಲಿನ ಹಲ್ಲಿನಂಥ ಗೀರು ಎಳೆಯಿರಿ. ವಸಡಿನ ಹೊರಗಿನ ಕಿರೀಟದ ಭಾಗಕ್ಕೂ ಬೇರಿಗೂ ಬೇರೆ ಬಣ್ಣ ಹಚ್ಚಿದರೆ, ಕಾಣುತ್ತಿದ್ದದ್ದು ಎಷ್ಟು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ರಾಜಾಸಾರಸ್ ಕುಲದ ಪ್ರಾಣಿಗಳ ಹಲ್ಲು ಇದರ ಮುಂದೆ ಬಹಳ ಚಿಕ್ಕವು, ಕೆಲವೇ ಸೆಂಟಿಮೀಟರ್. ಟಿ. ರೆಕ್ಸ್ ಎಲುಬು ಸಮೇತ ಕಚ್ಚಿ ಪುಡಿ ಮಾಡುವ ಪ್ರಾಣಿಯಾದ್ದರಿಂದ ಅದರ ಹಲ್ಲು ಅಷ್ಟು ದಪ್ಪ.

ನಾಲ್ಕನೆಯ ದಿನ: ಕಾಲದ ಹಗ್ಗ ಮತ್ತು ಕಾಲಡಿಯ ಕಲ್ಲು

6.6 ಕೋಟಿ ವರ್ಷ ಎಂದರೆ ಮಕ್ಕಳಿಗೆ ಏನೂ ಹೇಳಿದಂತಾಗುವುದಿಲ್ಲ, ದೊಡ್ಡವರಿಗೂ ಅಷ್ಟೆ. ಒಂದು ಮೀಟರಿಗೆ ಒಂದು ಕೋಟಿ ವರ್ಷ ಎಂದಿಟ್ಟು 25 ಮೀಟರ್ ಸುತಳಿ ಹಿಡಿಯಿರಿ. ಸೊನ್ನೆಯಲ್ಲಿ ಇವತ್ತು. 23ನೇ ಮೀಟರಿನ ಹತ್ತಿರ ಮೊದಲ ಡೈನೋಸಾರ್‌ಗಳು. 15ರಲ್ಲಿ ಬೆನ್ನ ಮೇಲೆ ಹಲಗೆಗಳಿದ್ದ ಸ್ಟೆಗೊಸಾರಸ್. ರಾಜಾಸಾರಸ್ ಮತ್ತು ಟಿ. ರೆಕ್ಸ್ 6.7ರ ಸುತ್ತ. ನಮ್ಮ ಜಾತಿಯ ಮನುಷ್ಯ ಬಂದದ್ದು ಕೊನೆಯ 3 ಸೆಂ.ಮೀ. ಒಳಗೆ. ಕಲಬುರಗಿಯಲ್ಲಿ ಬಹಮನಿ ಸುಲ್ತಾನರ ಆಳ್ವಿಕೆ ಶುರುವಾದ 1347, ಸೊನ್ನೆಯಿಂದ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ದೂರವಿಲ್ಲ. ಗುರುತು ಹಾಕಲು ಪೆನ್ಸಿಲ್ ಕೊಟ್ಟರೆ ಪೆನ್ಸಿಲ್ ಮೊನೆಯೇ ದಪ್ಪವಾಗುತ್ತದೆ. ಸ್ಟೆಗೊಸಾರಸ್ಸಿಗೂ ಟಿ. ರೆಕ್ಸ್‌ಗೂ ಜಗಳ ಹಚ್ಚುವ ಆಟಿಕೆ ಡಬ್ಬಿಗಳನ್ನು ತಂದು ಹಗ್ಗದ ಮೇಲೆ ಇಡಿಸಿ. ಎರಡರ ನಡುವಿನ ಅಂತರ, ಟಿ. ರೆಕ್ಸ್‌ಗೂ ನಮಗೂ ಇರುವ ಅಂತರಕ್ಕಿಂತ ಹೆಚ್ಚು.

ಈಗ ಮೂರು ಕಲ್ಲು ತರಿಸಿ: ಹೊಲದ ಬದುವಿನ ಕರಿಕಲ್ಲು, ಬೀದರಿನ ಕೆಂಪು ಜಂಬಿಟ್ಟಿಗೆ, ಒಡೆದ ಶಹಾಬಾದ್ ಫರ್ಸಿಯ ಚೂರು. ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಪದರ ಪದರವಾಗಿ ಹರಿದ ದಖನ್ ಲಾವಾ, ಅಂದರೆ ಬಸಾಲ್ಟ್, ಅದನ್ನು 6.6ನೇ ಮೀಟರಿನಲ್ಲಿ ಇಡಿ. ಎರೆ ಮಣ್ಣು ಈ ಕಲ್ಲು ಕರಗಿ ಆದದ್ದು. ಅದೇ ಬಸಾಲ್ಟ್ ಮಳೆ ಬಿಸಿಲಿಗೆ ಬಹುಕಾಲ ಸವೆದು, ಕಬ್ಬಿಣದ ಅಂಶ ಉಳಿದು ಬೀದರಿನ ಕೆಂಪು ಕಲ್ಲಾಯಿತು. ಅದರ ಜಾಗ ಇನ್ನೂ ಇತ್ತ, ಸೊನ್ನೆಯ ಕಡೆಗೆ. ಫರ್ಸಿಗೆ ಮಾತ್ರ ಹಗ್ಗ ಸಾಲದು. ಅದು 50 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಸುಣ್ಣಗಲ್ಲು. ಚೂರನ್ನು ಹಿಡಿದು ಒಬ್ಬ ಹುಡುಗ ಗೇಟು ದಾಟಿ ರಸ್ತೆಯವರೆಗೆ ನಡೆಯಬೇಕು.

ಕಲಬುರಗಿ ಕಡೆ ಲಾವಾ ಈ ಸುಣ್ಣಗಲ್ಲಿನ ಮೇಲೆಯೇ ಬಂದು ಕೂತ ಜಾಗಗಳಿವೆ. ಕೆಳಗಿನದು ಡೈನೋಸಾರ್‌ಗಿಂತ ಬಹಳ ಹಳೆಯದು, ಮೇಲಿನದು ಅವುಗಳ ಕೊನೆಯ ಕಾಲದ್ದು. ನಡುವಿನ ಕೋಟ್ಯಂತರ ವರ್ಷದ ಪುಟಗಳು ಬಹುಪಾಲು ಹರಿದುಹೋಗಿವೆ. "ನಮ್ ಹೊಲದಾಗ ಡೈನೋಸಾರ್ ಎಲುಬು ಸಿಗ್ತದೇನ್ರಿ?" ಎಂಬ ಪ್ರಶ್ನೆಗೆ ಉತ್ತರ ಇದೇ. ಹಾಗೆಂದು ಏನೂ ಇಲ್ಲವೆಂದಲ್ಲ: ಗುರುಮಠಕಲ್ ಸುತ್ತ ಎರಡು ಲಾವಾ ಹಾಸಿನ ನಡುವೆ ಸಿಕ್ಕಿಕೊಂಡ ಕೆಸರಿನ ಪದರಗಳಲ್ಲಿ, ಆ ಕಾಲದ ಸಿಹಿನೀರಿನ ಚಿಪ್ಪುಜೀವಿಗಳ ಪಳೆಯುಳಿಕೆ ಸಿಕ್ಕಿವೆ. ಅವುಗಳಲ್ಲಿ ಎಷ್ಟೋ ಭೂತಗನ್ನಡಿಗಷ್ಟೇ ಕಾಣುವಷ್ಟು ಸಣ್ಣವು.

ಇಲ್ಲೊಂದು ಮೋಸವಿದೆ. ಕೆಲವು ಹಾಸುಗಲ್ಲುಗಳ ಮೇಲೆ ಕಪ್ಪಗೆ, ಜರೀಗಿಡದ ಎಲೆ ಒತ್ತಿದಂಥ ಗುರುತು ಕಾಣುತ್ತದೆ. ಮಕ್ಕಳು ಅದನ್ನು ಪಳೆಯುಳಿಕೆ ಎಂದು ಓಡಿ ಬರುತ್ತಾರೆ. ಅದು ಕಲ್ಲಿನ ಸಂದಿಗೆ ನೀರಿನೊಂದಿಗೆ ಇಳಿದ ಮ್ಯಾಂಗನೀಸ್ ಹರಡಿಕೊಂಡ ಕಲೆ. ಎಲೆಯ ನಡುನರ ಇದೆಯೇ, ಪ್ರತಿ ಎಸಳೂ ಒಂದೇ ಅಳತೆಯಲ್ಲಿದೆಯೇ ನೋಡಿಸಿ. ಕಲೆಯಾದರೆ ಕೊಂಬೆಗಳು ಮನಬಂದಂತೆ ಕವಲೊಡೆದಿರುತ್ತವೆ.

ಕಲ್ಲು ತರಲು ಮಕ್ಕಳನ್ನು ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಖಣಿಗಳಿಗೆ ಇಳಿಸಬೇಡಿ. ಬಿಟ್ಟ ಖಣಿಗಳಲ್ಲಿ ನೀರು ನಿಂತಿರುತ್ತದೆ, ಅಂಚು ನೆಟ್ಟಗೆ ಕಡಿದಿರುತ್ತದೆ. ಮನೆ ಕಟ್ಟುವ ಜಾಗದಲ್ಲಿ ಬೇಕಾದಷ್ಟು ಚೂರು ಬಿದ್ದಿರುತ್ತವೆ.

ಮಕ್ಕಳು ಕೇಳುವುದು

"ಇದು ಖರೇನೇ ಇತ್ತೇನ್ರಿ?" ಇತ್ತು, ಎಲುಬು ಕಲ್ಲಾಗಿ ಸಿಕ್ಕಿವೆ ಎಂದು ಕೆಂಪು ತುಂಬಿದ ಭಾಗ ತೋರಿಸಿ.

"ರಾಜಾಸಾರಸ್ಸಿಗೂ ಟಿ. ರೆಕ್ಸ್‌ಗೂ ಜಗಳ ಆದ್ರ ಯಾವುದು ಗೆಲ್ತದ?" ಎರಡೂ ಭೇಟಿಯಾಗಲು ದಾರಿಯೇ ಇರಲಿಲ್ಲ. ಭಾರತ ಆಗ ಏಷ್ಯಾಕ್ಕೆ ಸೇರದ, ಉತ್ತರಕ್ಕೆ ಸರಿಯುತ್ತಿದ್ದ ತುಂಡು ಭೂಮಿ, ನಡುವೆ ಸಮುದ್ರ.

"ಎಲ್ಲಾ ಹೆಂಗ ಸತ್ತವು?" ಮೆಕ್ಸಿಕೊದ ಯುಕಟಾನ್ ಬಳಿ ಸುಮಾರು 10 ಕಿ.ಮೀ. ಅಡ್ಡಳತೆಯ ಕ್ಷುದ್ರಗ್ರಹ ಬಡಿಯಿತು. ಸೂರ್ಯನ ಬೆಳಕು ಮರೆಯಾಗಿ ಗಿಡ, ಗಿಡ ತಿನ್ನುವವು, ಅವನ್ನು ತಿನ್ನುವವು ಸಾಲಾಗಿ ಹೋದವು. ನಮ್ಮ ಲಾವಾ ಅದೇ ಕಾಲದಲ್ಲಿ ಹರಿಯುತ್ತಿತ್ತು, ಅದರ ಪಾಲು ಎಷ್ಟು ಎಂಬುದರ ಬಗ್ಗೆ ವಿಜ್ಞಾನಿಗಳ ವಾದ ಮುಗಿದಿಲ್ಲ ಎಂದೇ ಹೇಳಿ. ಹಕ್ಕಿಗಳ ಕವಲು ಉಳಿಯಿತು ಎಂಬುದನ್ನು ಮರೆಯಬೇಡಿ.

"ಅಲ್ಲಾಡದೆ ನಿಂತ್ರ ಟಿ. ರೆಕ್ಸ್‌ಗೆ ಕಾಣೂದಿಲ್ಲಂತ?" ಸುಳ್ಳು. ಅದರ ಕಣ್ಣುಗಳು ಮುಂದಕ್ಕೆ ನೋಡುತ್ತಿದ್ದವು, ದೂರ ಅಳೆಯುವ ದೃಷ್ಟಿ ಚೆನ್ನಾಗಿತ್ತು. ಮೂಗು ಇನ್ನೂ ಚುರುಕು.

ಗರ್ಜನೆಯ ಧ್ವನಿ ಹಾಕಬೇಡಿ ಎಂಬುದು ನಮ್ಮ ಸಲಹೆ. ವಿಡಿಯೊದ ಗರ್ಜನೆಗಳು ಇಂದಿನ ಪ್ರಾಣಿಗಳ ಧ್ವನಿ ಬೆರೆಸಿ ಮಾಡಿದವು. ನಿಜವಾಗಿ ಹೇಗೆ ಕೂಗುತ್ತಿತ್ತೆಂದು ಯಾರಿಗೂ ತಿಳಿಯದು. ಅದಕ್ಕಿಂತ ಮುಖ್ಯವಾಗಿ, ಐದಾರು ವರ್ಷದ ಮಗುವಿಗೆ ಆ ಸದ್ದಿನ ನಂತರ ಬೇರೇನೂ ತಲೆಗೆ ಹೋಗುವುದಿಲ್ಲ. ಅಂಜಿದ ಮಗುವನ್ನು ಚಿತ್ರದ ಹತ್ತಿರ ಎಳೆಯಬೇಡಿ, ರಂಗೋಲಿ ಬಾಟಲಿ ಅದರ ಕೈಗೇ ಕೊಡಿ.

ನಿಜವಾದ ಎಲುಬು ನೋಡಲು

ಹತ್ತಿರದ ಜಾಗ ಹೈದರಾಬಾದಿನ ಬಿ. ಎಂ. ಬಿರ್ಲಾ ವಿಜ್ಞಾನ ಕೇಂದ್ರ. ತೆಲಂಗಾಣದ ಯಮನಪಲ್ಲಿಯಲ್ಲಿ ಸಿಕ್ಕ ಕೋಟಾಸಾರಸ್ ಅಸ್ಥಿಪಂಜರವನ್ನು ಅಲ್ಲಿ ನಿಲ್ಲಿಸಿದ್ದಾರೆ. ಅದು ಬೇಟೆ ಪ್ರಾಣಿಯಲ್ಲ. ಉದ್ದ ಕುತ್ತಿಗೆಯ, ಸೊಪ್ಪು ತಿನ್ನುವ, ರಾಜಾಸಾರಸ್‌ಗಿಂತ ಬಹಳ ಹಿಂದಿನ ಜುರಾಸಿಕ್ ಕಾಲದ್ದು. ಇದನ್ನು ಹೊರಡುವ ಮೊದಲೇ ಹೇಳದಿದ್ದರೆ "ಹಲ್ಲು ಎಲ್ಲಿ ಅವ?" ಎಂದು ಮಕ್ಕಳು ನಿರಾಶರಾಗುತ್ತಾರೆ. ಕಲಬುರಗಿ, ಯಾದಗಿರಿಯಿಂದ ವಾಡಿ, ತಾಂಡೂರು ಮೇಲಿನ ರೈಲು. ಬೀದರಿನಿಂದ ಜಹೀರಾಬಾದ್, ವಿಕಾರಾಬಾದ್ ದಾರಿ. ಬಾಲಾಸಿನೋರಿನ ರಹಿಯೋಲಿಯಲ್ಲಿ ಪಳೆಯುಳಿಕೆ ಉದ್ಯಾನ, 2019ರಲ್ಲಿ ತೆರೆದ ಡೈನೋಸಾರ್ ಮ್ಯೂಸಿಯಂ ಇವೆ, ಆದರೆ ಶಾಲೆಯ ಪ್ರವಾಸಕ್ಕೆ ದೂರ.

ಹೋಗುವಾಗ ಪ್ರತಿ ಗುಂಪಿಗೂ ಏಳು ಮೀಟರಿನ ಗಂಟು ಹಾಕಿದ ಸುತಳಿ ಕೊಡಿ. ಅಸ್ಥಿಪಂಜರದ ಪಕ್ಕ, ಕಂಬಿಯಿಂದ ಈಚೆಗೆ, ಅದನ್ನು ಹಾಸಿ ಯಾವುದು ಉದ್ದ ಎಂದು ನೋಡಲಿ. ಮೊಣಕಾಲು ಯಾವುದು, ಹಿಮ್ಮಡಿ ಯಾವುದು, ಬಾಲ ನೆಲಕ್ಕೆ ತಾಕಿದೆಯೋ ಇಲ್ಲವೋ ಬರೆದುಕೊಳ್ಳಲಿ. ಯಾವ ಎಲುಬು ಅಸಲಿ, ಯಾವುದು ಅಚ್ಚು ತೆಗೆದು ಕೂಡಿಸಿದ್ದು ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳುವ ಕೆಲಸವನ್ನು ಒಂದು ಮಗುವಿಗೆ ಮೊದಲೇ ಒಪ್ಪಿಸಿಡಿ.